ಖೋಖಾಕ್ಕೆ ಜೀವ ಇರುವುದಿಲ್ಲ: ಕನ್ನಡ ಸುದ್ದಿಮನೆಗಳಿಗೆ ಖಡ್ಕಿಯಿಂದ ಒಂದು ಬಹಿರಂಗ ಪತ್ರ

ಕನ್ನಡ ಟಿವಿ ಚಾನೆಲ್‌ಗಳ ಮತ್ತು ಪತ್ರಿಕೆಗಳ ಸಂಪಾದಕರಿಗೆ,

ನಮಸ್ಕಾರ.

ನಾನು ಪುಣೆಯ ಖಡ್ಕಿಯಲ್ಲಿ ಇರುವವನು. ಹುಟ್ಟಿದ್ದು ವಿಜಯಪುರದ ಹತ್ತಿರ ಒಂದು ಹಳ್ಳಿಯಲ್ಲಿ. ಇಲ್ಲಿನ ಮದ್ದುಗುಂಡು ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದು ರಿಟೈರ್ ಆಗಿದ್ದೇನೆ. ಕೊನೆಯ ಹನ್ನೆರಡು ವರ್ಷ ಇನ್‌ಸ್ಪೆಕ್ಷನ್‌ನಲ್ಲಿದ್ದೆ. ಅಂದರೆ ಬೆಳಗಿನಿಂದ ಸಂಜೆಯ ಭೋಂಗಾ (ಕಾರ್ಖಾನೆಯ ಸೈರನ್) ಆಗುವ ತನಕ ಬಂದೂಕಿಗೆ ತುಂಬುವ ತೋಟಾ ನೋಡುವುದೇ ಕೆಲಸ. ಗೆರೆ ಬಿದ್ದದ್ದು, ಓರೆಯಾದದ್ದು, ಕ್ಯಾಪ್ ಸರಿಯಾಗಿ ಕೂರದ್ದು, ಎಲ್ಲವನ್ನೂ ಆರಿಸಿ ಪಕ್ಕಕ್ಕೆ ಇಡಬೇಕು. ಆ ಕಣ್ಣು ರಿಟೈರ್ ಆಗುವುದಿಲ್ಲ ನೋಡಿ. ಅದೇ ಈಗ ತೊಂದರೆಯಾಗಿದೆ.

ಹೋದ ತಿಂಗಳು ರಾತ್ರಿ ಊಟಕ್ಕೆ ಕೂತಿದ್ದೆವು. ನಿಮ್ಮಲ್ಲೇ ಒಂದು ಚಾನೆಲ್ ಹಚ್ಚಿದ್ದೆ. ಹೆಸರು ಹೇಳುವುದಿಲ್ಲ, ಇಂಥದ್ದು ಎಲ್ಲ ಚಾನೆಲ್‌ನಲ್ಲೂ ಆಗುತ್ತದೆ. ಯಾವುದೋ ಊರಿನ ಗುಜರಿ ಅಂಗಡಿಯಲ್ಲಿ ಪೊಲೀಸರು ಮೇಜಿನ ಮೇಲೆ ಹಿತ್ತಾಳೆಯ ರಾಶಿ ಹಾಕಿದ್ದರು. ಕೆಳಗೆ ಕೆಂಪು ಪಟ್ಟಿಯಲ್ಲಿ 'ಸಾವಿರಾರು ಜೀವಂತ ಗುಂಡು ಪತ್ತೆ' ಎಂದು ಓಡುತ್ತಿತ್ತು. ಹಿಂದೆ ಡೊಳ್ಳು ಬಡಿದಂಥ ಮ್ಯೂಸಿಕ್. ಕ್ಯಾಮೆರಾ ಹತ್ತಿರ ಹೋಯಿತು. ಪ್ರತಿಯೊಂದರ ಬಾಯಿ ಖಾಲಿ. ತಳದ ಕ್ಯಾಪಿನ ನಡುವೆ ಸಣ್ಣ ತಗ್ಗು. ಅಂದರೆ ಯಾವತ್ತೋ ಹಾರಿಸಿ ಮುಗಿಸಿದ ಖಾಲಿ ಕವಚ. ಮಿಲಿಟರಿಯಲ್ಲಿ, ಪೊಲೀಸರಲ್ಲಿ ಅದಕ್ಕೆ ಖೋಖಾ ಅಂತಾರೆ. ಅವನ್ನು ಗುಜರಿ ಅಂಗಡಿಯಲ್ಲಿ ಇಟ್ಟಿದ್ದು ತಪ್ಪೇ, ಪೊಲೀಸರು ಕೇಳಲೇಬೇಕು. ಆದರೆ ಅವಕ್ಕೆ ಜೀವ ಎಲ್ಲಿಂದ ಬಂತು?

ನಾನು ಟಿವಿಗೆ ಬಯ್ಯತೊಡಗಿದೆ. ನಮ್ಮಾಕೆ, 'ಯಾಕ ಒದರ್ತೀರಿ, ಒಳಗಿದ್ದವರಿಗೆ ಕೇಳಸ್ತದೇನು?' ಅಂದಳು. ಕೇಳಿಸುವುದಿಲ್ಲ, ಅದಕ್ಕೇ ಈ ಕಾಗದ.

ಮೊದಲು ಒಂದು ಮಾತು. ಇಲ್ಲಿ ಕಾರ್ಖಾನೆಯ ಗುಟ್ಟು ಏನೂ ಇಲ್ಲ. ಯಾವ ಸಿಪಾಯಿಯನ್ನು ಕೇಳಿದರೂ ಹೇಳುವಂಥದ್ದೇ.

ನೀವು 'ಗುಂಡು' ಅನ್ನುವ ವಸ್ತು ನಿಜದಲ್ಲಿ ನಾಲ್ಕು ಸಾಮಾನು ಸೇರಿ ಆಗುತ್ತದೆ. ಹಿತ್ತಾಳೆಯ ಕವಚ ಒಂದು. ನೂರು ಪಾಲಿನಲ್ಲಿ ಎಪ್ಪತ್ತು ತಾಮ್ರ, ಮೂವತ್ತು ಸತು. ಅದರ ತಳದಲ್ಲಿ ಕ್ಯಾಪ್. ಮಲೆನಾಡಿನವರು ಇದನ್ನೇ ಕೇಪು ಅನ್ನುತ್ತಾರೆ. ಒಳಗೆ ಮದ್ದು. ಬಾಯಲ್ಲಿ ಕಚ್ಚಿಕೊಂಡು ಕೂತಿರುವುದು ಮಾತ್ರ ಗುಂಡು, ಇಂಗ್ಲಿಷಿನ ಬುಲೆಟ್. ಈ ನಾಲ್ಕೂ ಸೇರಿದ್ದಕ್ಕೆ ಕನ್ನಡದಲ್ಲಿ ಚೆಂದದ ಮಾತಿದೆ: ತೋಟಾ. ನಾವು ಇಲ್ಲಿ ರೌಂಡ್ ಅಂತೀವಿ, ಮರಾಠಿಯವರು ಕಾಡತೂಸ್ ಅಂತಾರೆ. ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಎಳೆದಾಗ ಪಿನ್ನು ಹೋಗಿ ಕ್ಯಾಪಿಗೆ ಹೊಡೆಯುತ್ತದೆ. ಕ್ಯಾಪ್ ಕಿಡಿ ಕೊಡುತ್ತದೆ, ಮದ್ದು ಉರಿದು ಗ್ಯಾಸ್ ಆಗುತ್ತದೆ, ಗ್ಯಾಸ್ ಗುಂಡನ್ನು ನಳಿಕೆಯ ಆಚೆ ತಳ್ಳುತ್ತದೆ. ಹಾರಿ ಹೋಗುವುದು ಗುಂಡು ಮಾತ್ರ. ಖೋಖಾ ಬಂದೂಕಿನ ಪಕ್ಕದಲ್ಲೇ ಬೀಳುತ್ತದೆ. ನಮ್ಮ ಇನ್ಸಾಸ್ ರೈಫಲ್ಲಿನ ಇಡೀ ತೋಟಾ ತೂಗಿದರೆ ಸುಮಾರು 12 ಗ್ರಾಂ, ಅದರಲ್ಲಿ ಹಾರುವ ಗುಂಡು ಬರೀ 4 ಗ್ರಾಂ. ಅಷ್ಟೇ ಚೂರು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೋಗುತ್ತದೆ.

ಹಾಗಾಗಿ 'ಸ್ಥಳದಲ್ಲಿ ಐದು ಗುಂಡು ಸಿಕ್ಕಿವೆ' ಎಂದು ನೀವು ಓದಿದಾಗ ನನಗೆ ಮೂರು ಪ್ರಶ್ನೆ ಏಳುತ್ತವೆ. ಹಾರಿಸದ ತೋಟಾ ಸಿಕ್ಕಿತೇ? ಖೋಖಾ ಸಿಕ್ಕಿತೇ? ಇಲ್ಲಾ ಗೋಡೆಗೆ ಹೊಕ್ಕ ಸೀಸದ ತುಂಡೇ? ಮೂರೂ ಬೇರೆ ಬೇರೆ ಕಥೆ. ತೋಟಾ ಇದ್ದರೆ ಇನ್ನೂ ಗುಂಡು ಹಾರಿಲ್ಲ. ಖೋಖಾ ಇದ್ದರೆ ಹಾರಿಸಿದವನು ಅಲ್ಲೇ ನಿಂತಿದ್ದ. ಗುಂಡಿನ ತುಂಡಾದರೆ ಅವನು ಎಲ್ಲೋ ದೂರದಲ್ಲಿದ್ದ. ಒಂದು ಪದದಲ್ಲಿ ಇಡೀ ಸುದ್ದಿ ತಿರುಗುತ್ತದೆ, ಅಲ್ವಾ?

ಇನ್ನೊಂದು ಸೂಕ್ಷ್ಮ ಇದೆ. ಕ್ಯಾಪಿನಲ್ಲಿ ತಗ್ಗು ಬಿದ್ದಿದೆ, ಆದರೆ ಗುಂಡು ಬಾಯಲ್ಲೇ ಕೂತಿದೆ ಅನ್ನಿ. ಅದು ಮಿಸ್‌ಫೈರ್. ಹೊಡೆತ ಬಿದ್ದರೂ ಹೊತ್ತಿಕೊಂಡಿಲ್ಲ. ಅದನ್ನು ಮುಟ್ಟಲೇಬಾರದು. ಬಾಯಿ ಹೂವಿನ ಮೊಗ್ಗಿನ ಹಾಗೆ ಮಡಚಿದ್ದರೆ ಬ್ಲ್ಯಾಂಕ್. ಅದರಲ್ಲಿ ಮದ್ದು ಇದೆ, ಗುಂಡಿಲ್ಲ, ಸದ್ದಿಗಷ್ಟೇ. ಹಾಗಂತ ಬಂದೂಕಿನ ಬಾಯಿ ಮೈಗೆ ಹತ್ತಿರ ಹಿಡಿದು ಹಾರಿಸಿದರೆ ಅದೂ ಕೊಲ್ಲಬಲ್ಲದು. ಡ್ರಿಲ್ ರೌಂಡ್ ಅಂತ ಇನ್ನೊಂದಿದೆ, ಅದರಲ್ಲಿ ಏನೂ ಇಲ್ಲ, ಹುಡುಗರಿಗೆ ತುಂಬಿ ತೆಗೆದು ಕಲಿಸಲಿಕ್ಕೆ. ನಿಮ್ಮ 'ಜೀವಂತ ಗುಂಡು' ಎಂಬ ಒಂದೇ ಚೀಲದಲ್ಲಿ ಇವೆಲ್ಲ ಸೇರಿಹೋಗಿವೆ.

ಮಾತು ಬಂತು ಅಂತ ಹೇಳುತ್ತೇನೆ. ಪುಣೆಗೆ ಬಂದ ಹೊಸತರಲ್ಲಿ ನಮ್ಮ ಸೆಕ್ಷನ್‌ನ ಮರಾಠಿ ಗೆಳೆಯರ ಜೊತೆ ಇದೇ ತಮಾಷೆ. ಅವರಿಗೆ ಮದ್ದುಗುಂಡು ಅಂದರೆ ದಾರುಗೋಳಾ. ದಾರೂ ಅಂದರೆ ಬಂದೂಕಿನ ಮದ್ದೂ ಹೌದು, ಕುಡಿಯುವುದೂ ಹೌದು. ನಮ್ಮಲ್ಲಿ ಮದ್ದು ಅಂದರೆ ಔಷಧ, ಗುಂಡು ಹಾಕುವುದು ಅಂದರೆ ಏನು ಅಂತ ನಿಮಗೇ ಗೊತ್ತು. ಎರಡು ಭಾಷೆ, ಕುಡಿತ ಮಾತ್ರ ಒಂದೇ! ಖೋಖಾ ಅಂದರೆ ಮುಂಬೈಯ ಭಾಷೆಯಲ್ಲಿ ಒಂದು ಕೋಟಿ ರೂಪಾಯಿ. ಮುಂಬೈಯಿಂದ ಬಂದ ನನ್ನ ಅಳಿಯನ ಮುಂದೆ 'ರೇಂಜಿನಲ್ಲಿ ಐವತ್ತು ಖೋಖಾ ಎಣಿಸಿ ವಾಪಸ್ ಕೊಡಬೇಕು' ಎಂದಾಗ ಅವನ ಮುಖ ನೋಡಬೇಕಿತ್ತು. ಎಣಿಸುವುದಂತೂ ನಿಜ. ಫೈರಿಂಗ್ ಪ್ರಾಕ್ಟೀಸ್ ಆದ ಮೇಲೆ ಕೊಟ್ಟಷ್ಟು ರೌಂಡಿಗೆ ಅಷ್ಟು ಖೋಖಾ ಲೆಕ್ಕ ಸಿಗಬೇಕು. ಒಂದು ಕಡಿಮೆಯಾದರೂ ಜವಾನರು ಹುಲ್ಲಿನಲ್ಲಿ ಮಂಡಿಯೂರಿ ಹುಡುಕುತ್ತಾರೆ.

ಕ್ಯಾಲಿಬರ್ ಅನ್ನುವುದು ನಿಮ್ಮವರನ್ನು ಜಾಸ್ತಿ ಕಾಡುವ ಮಾತು. ಒಬ್ಬರು 'ಬೋಫೋರ್ಸ್ 155 ಎಂಎಂ ಉದ್ದದ ಗುಂಡು ಹಾರಿಸುತ್ತದೆ' ಅಂದರು. 155 ಎಂಎಂ ಅಂದರೆ ಹದಿನೈದೂವರೆ ಸೆಂಟಿಮೀಟರ್. ನನ್ನ ಮೊಮ್ಮಗನ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಷ್ಟು. ಅಷ್ಟು ಚಿಕ್ಕದನ್ನು ಹಾರಿಸಲಿಕ್ಕೆ ಕಾರ್ಗಿಲ್‌ಗೆ ಅಷ್ಟು ದೊಡ್ಡ ತೋಪು ಎಳೆದುಕೊಂಡು ಹೋಗಬೇಕಿತ್ತೇ? ಕ್ಯಾಲಿಬರ್ ಅಂದರೆ ನಳಿಕೆಯ ಒಳಗಿನ ಅಗಲ, 155 ಎಂಬುದು ಅದೇ. ಅದರ ಶೆಲ್, ಅಂದರೆ ತೋಪಿನ ಸಿಡಿಗುಂಡು, ಒಂದೊಂದು ಸುಮಾರು 43 ಕಿಲೋ. ಸಿಮೆಂಟ್ ಚೀಲಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ಇನ್ನು '155 ಎಂಎಂ, 52 ಕ್ಯಾಲಿಬರ್' ಅಂದರೆ ನಳಿಕೆಯ ಉದ್ದ ಆ ಅಗಲದ 52 ಪಟ್ಟು. ಗುಣಿಸಿ ನೋಡಿ, ಎಂಟು ಮೀಟರ್ ದಾಟುತ್ತದೆ. ನಮ್ಮ ಪುಣೆಯ ಪಾಷಾಣ್‌ನಲ್ಲಿರುವ ಎಆರ್‌ಡಿಇ, ಅಂದರೆ ಸರ್ಕಾರದ ಶಸ್ತ್ರ ಸಂಶೋಧನಾ ಸಂಸ್ಥೆಯವರು ರೂಪಿಸಿದ ಎಟಿಎಜಿಎಸ್ ಎಂಬ ತೋಪು ಇಂಥದ್ದು. ಬೋಫೋರ್ಸ್ 39 ಕ್ಯಾಲಿಬರಿನದು. ನಳಿಕೆ ಉದ್ದವಾದಷ್ಟು ಗ್ಯಾಸಿಗೆ ತಳ್ಳಲು ಹೊತ್ತು ಜಾಸ್ತಿ, ಶೆಲ್ ಹೋಗುವ ದೂರ ಜಾಸ್ತಿ.

ಬರೀ ಅಗಲ ಹೇಳಿದರೂ ಸಾಲದು. '7.62 ಗುಂಡು ಸಿಕ್ಕಿದೆ, ಹಾಗಾದರೆ ಎಕೆ-47' ಎಂದು ನಿಮ್ಮವರು ತಕ್ಷಣ ತೀರ್ಪು ಕೊಡುತ್ತಾರೆ. ನಮ್ಮ ಹಳೆಯ ಎಸ್‌ಎಲ್‌ಆರ್ ರೈಫಲ್ ಕೂಡ 7.62 ಎಂಎಂ. ಆದರೆ ಎಸ್‌ಎಲ್‌ಆರ್ ಕವಚದ ಉದ್ದ 51 ಎಂಎಂ, ಎಕೆಯದು 39. ಒಂದರದು ಇನ್ನೊಂದಕ್ಕೆ ಕೂರುವುದೇ ಇಲ್ಲ. ಅದಕ್ಕೇ ಬಲ್ಲವರು 7.62 ಇಂಟು 39 ಎಂದು ಪೂರಾ ಹೇಳುತ್ತಾರೆ. ಮತ್ತೆ ಎಕೆ-47 ಮೆಷಿನ್ ಗನ್ ಅಲ್ಲ, ಅಸಾಲ್ಟ್ ರೈಫಲ್. ಪೊಲೀಸರ ಕೈಯಲ್ಲಿ ನಾವು ಚಿಕ್ಕಂದಿನಿಂದ ನೋಡಿದ ತ್ರೀ ನಾಟ್ ತ್ರೀ ಮಾತ್ರ ಇಂಚಿನ ಲೆಕ್ಕ: 0.303 ಇಂಚು, ಅಂದರೆ ಸುಮಾರು 7.7 ಎಂಎಂ.

ತೋಪಿನ ಮಾತು ಬಂದರೆ ವಿಜಯಪುರದವನು ಸುಮ್ನೆ ಇರಲಾರ. ನಮ್ಮ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದದ್ದು ಅಹಮದ್‌ನಗರದಲ್ಲಿ, ಇಲ್ಲಿಂದ ನೂರಿಪ್ಪತ್ತು ಕಿಲೋಮೀಟರ್. ಸುಮಾರು 55 ಟನ್ ತೂಕ. ಅದು ಈ ಕಡೆಯಿಂದ ನಮ್ಮೂರಿಗೆ ಹೋಯಿತು, ನಾನು ನಮ್ಮೂರಿನಿಂದ ಈ ಕಡೆ ಬಂದೆ. ಲೆಕ್ಕ ಚುಕ್ತಾ! 1854ರಲ್ಲಿ ಬ್ರಿಟಿಷರು ಅದನ್ನು ಹರಾಜಿಗೆ ಇಟ್ಟಿದ್ದರು. ಕೂಗಿದ್ದು 150 ರೂಪಾಯಿ. ಪುಣ್ಯಕ್ಕೆ ಮಾರಾಟ ರದ್ದಾಯಿತು, ಇಲ್ಲದಿದ್ದರೆ ಅದೂ ಗುಜರಿಗೆ ಹೋಗುತ್ತಿತ್ತು. ಶಾಲೆಯಲ್ಲಿದ್ದಾಗ ಅದರ ಬಾಯೊಳಗೆ ತಲೆ ಹಾಕಿ ಕೂಗಿದವನು ನಾನು. ಅದು ಹಾರಿಸಿದ್ದು ಗಟ್ಟಿ ಗುಂಡು. ಬಿದ್ದ ಕಡೆ ಕಲ್ಲು ಒಡೆಯುತ್ತದೆ, ಆದರೆ ತಾನು ಸಿಡಿಯುವುದಿಲ್ಲ. ಇವತ್ತಿನ ಶೆಲ್ ಹಾಗಲ್ಲ. ಅದರ ಹೊಟ್ಟೆಯಲ್ಲಿ ಸಿಡಿಮದ್ದು, ಮೂಗಿನಲ್ಲಿ ಫ್ಯೂಜ್. ನೆಲಕ್ಕೆ ತಾಗಿದಾಗ ಸಿಡಿಯಬೇಕೋ, ಆಕಾಶದಲ್ಲೋ, ಒಳಗೆ ಹೊಕ್ಕ ಮೇಲೋ ಎಂದು ಹೇಳುವುದು ಆ ಫ್ಯೂಜೇ. ಆದ್ದರಿಂದ ಗಡಿಯಲ್ಲಿ ಶೆಲ್ ಬಿದ್ದ ಸುದ್ದಿಗೆ 'ಗುಂಡಿನ ದಾಳಿ' ಅಂತ ಬರೆಯಬೇಡಿ. ಶೆಲ್ ದಾಳಿ ಅನ್ನಿ. ಗೋಡೆಯ ಮರೆಯಲ್ಲಿ ನಿಂತು ಗುಂಡು ತಪ್ಪಿಸಿಕೊಳ್ಳಬಹುದು. ಮಾರ್ಟರ್ ಬಾಂಬ್ ಮೇಲಕ್ಕೆ ಹೋಗಿ ತಲೆಯ ಮೇಲಿಂದ ಇಳಿಯುತ್ತದೆ, ಅದಕ್ಕೆ ಗೋಡೆ ಲೆಕ್ಕಕ್ಕಿಲ್ಲ.

ಮಾರ್ಟರ್ ಬಾಂಬ್ ಅಂದ ಕೂಡಲೆ ಒಂದು ನೆನಪು. ಈ ಕಾಗದಕ್ಕೆ ನಿಜವಾದ ಕಾರಣವೂ ಅದೇ. ಕೆಲವು ವರ್ಷದ ಹಿಂದೆ ಪುಣೆ ಪಕ್ಕದ ಭೋಸರಿ ಕಡೆಯ ಒಂದು ಭಂಗಾರ್ (ಇಲ್ಲಿ ಗುಜರಿಗೆ ಹಾಗನ್ನುತ್ತಾರೆ) ಅಂಗಡಿಗೆ ಹಳೆಯ ಫ್ಯಾನ್ ಹಾಕಲು ಹೋಗಿದ್ದೆ. ಅಂಗಡಿಯಲ್ಲಿ ಯಾದಗಿರಿ ಕಡೆಯ ಹುಡುಗ ಒಬ್ಬ, ಹದಿನೆಂಟು ಇರಬೇಕು. ಕನ್ನಡ ಕೇಳಿ ಖುಷಿಯಾಗಿ, 'ಕಾಕಾ, ಕೂಡ್ರಿ, ಚಾ ಹೇಳ್ತೀನಿ' ಅಂದ. ಕೂತೆ. ಕಾಲ ಬಳಿ ಕಬ್ಬಿಣದ ರಾಶಿಯಲ್ಲಿ ಒಂದು ಸಾಮಾನು ಕಂಡಿತು. ಹೊಟ್ಟೆ ಉಬ್ಬಿದ, ಬಾಲಕ್ಕೆ ರೆಕ್ಕೆ ಇರುವ, ಮೊಳಕ್ಕಿಂತ ಚಿಕ್ಕದು. ಮಾರ್ಟರ್ ಬಾಂಬ್. ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಇದೇನಪ್ಪಾ ಅಂದೆ. 'ಪಂಪಿನ ಪಾರ್ಟ್ ಇರಬೇಕ್ರಿ, ಭಾಳ ಗಟ್ಟಿ ಐತಿ, ನಾಳಿ ಒಡಿತೀವಿ' ಅಂದ.

ಮೆಲ್ಲಗೆ ಅವನನ್ನು ಎಬ್ಬಿಸಿ ರಸ್ತೆಯ ಆಚೆಗೆ ಕರೆದುಕೊಂಡು ಹೋದೆ. ಅಂಗಡಿ ಖಾಲಿ ಮಾಡಿಸಿ ಪೊಲೀಸರಿಗೆ ಫೋನ್ ಮಾಡಿದೆವು. ಬಾಂಬ್ ತಂಡದವರು ಬಂದು ಒಯ್ದರು. ಒಳಗೆ ಮದ್ದಿಲ್ಲದ ಪ್ರಾಕ್ಟೀಸ್ ಬಾಂಬ್ ಅಂತ ಆಮೇಲೆ ತಿಳಿಯಿತು. ಆ ಹುಡುಗ ನಗುತ್ತಾ ಹೇಳಿದ ಮಾತು ನನಗೆ ಮರೆಯುವುದಿಲ್ಲ: 'ಬಾಂಬ್ ಅಂದ್ರ ದುಂಡಗ ಇರ್ತದ, ವೈರ್ ಇರ್ತದ, ಟಿವಿಯೊಳಗ ನೋಡೀನಲ್ರಿ.'

ಟಿವಿಯೊಳಗೆ ನೋಡಿದ್ದಾನೆ. ನೀವು ತೋರಿಸಿದ್ದು ಅದೇ. ಖಾಲಿ ಹಿತ್ತಾಳೆಗೆ ಜೀವಂತ ಅಂದಿರಿ. ಬಾಂಬ್ ಸುದ್ದಿ ಬಂದಾಗಲೆಲ್ಲ ಕಂಪ್ಯೂಟರಿನಲ್ಲಿ ಬರೆದ ಕಪ್ಪು ಚೆಂಡು ಮತ್ತು ಬತ್ತಿ ತೋರಿಸಿದಿರಿ. ಪುಣೆ, ಪಿಂಪ್ರಿ, ಭೋಸರಿಯಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದಿಂದ ದುಡಿಯಲು ಬಂದ ಜನ ಎಷ್ಟಿದ್ದಾರೆ ಅಂತ ನಿಮಗೂ ಗೊತ್ತು. ಕಟ್ಟಡದ ಕೆಲಸ, ಅಗೆಯುವ ಕೆಲಸ, ಭಂಗಾರ್ ಆರಿಸುವ ಕೆಲಸ. ಅವರು ಇಂಗ್ಲಿಷ್ ಚಾನೆಲ್ ನೋಡುವುದಿಲ್ಲ, ನಿಮ್ಮನ್ನು ನೋಡುತ್ತಾರೆ. ಫೈರಿಂಗ್ ರೇಂಜಿನಲ್ಲಿ ಬಿದ್ದು ಸಿಡಿಯದೆ ಉಳಿದ ಶೆಲ್‌ಗೆ ಮಿಲಿಟರಿಯವರು ಬ್ಲೈಂಡ್ ಅಂತಾರೆ. ಕುರುಡು ಅಂದ ಮಾತ್ರಕ್ಕೆ ಅದು ಸತ್ತಿದೆ ಅಂತಲ್ಲ. ಮಣ್ಣಿನಲ್ಲಿ ಎಷ್ಟೋ ವರ್ಷ ಹೂತಿದ್ದು ತುಕ್ಕು ಹಿಡಿದ ಮೇಲೂ ಒಂದು ಸುತ್ತಿಗೆ ಏಟಿಗೆ ಸಿಡಿಯಬಹುದು. ಮುಟ್ಟಬೇಡಿ, ಎತ್ತಬೇಡಿ, ದೂರ ಹೋಗಿ 112ಕ್ಕೆ ಫೋನ್ ಮಾಡಿ ಅಂತ ಸುದ್ದಿಯ ಜೊತೆ ಒಂದು ಸಾಲು ಓದಲು ಹತ್ತು ಸೆಕೆಂಡ್ ಸಾಕು. ಆ ಕೆಂಪು ಪಟ್ಟಿಯಲ್ಲಿ ಅದಕ್ಕೂ ಜಾಗ ಕೊಡಿ.

ರಾಕೆಟ್ ಮತ್ತು ಕ್ಷಿಪಣಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಎರಡೂ ತಮ್ಮ ಬೆಂಕಿಯ ಬಲದಿಂದಲೇ ಹೋಗುತ್ತವೆ. ರಾಕೆಟ್ಟನ್ನು ಗುರಿ ನೋಡಿ ಬಿಟ್ಟರೆ ಮುಗಿಯಿತು, ದಾರಿಯಲ್ಲಿ ತಿರುಗುವುದಿಲ್ಲ. ಕ್ಷಿಪಣಿ ದಾರಿಯಲ್ಲಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಬ್ರಹ್ಮೋಸ್ ಕ್ಷಿಪಣಿ, ಆಕಾಶ್ ಕ್ಷಿಪಣಿ, ಸರಿ. ಪಿನಾಕ ಶುರುವಿನಿಂದ ರಾಕೆಟ್. 214 ಎಂಎಂ ಅಗಲ, ಒಂದು ಲಾರಿಯಿಂದ 44 ಸೆಕೆಂಡಿನಲ್ಲಿ 12. ಈಗ ದಾರಿ ತಿದ್ದಿಕೊಳ್ಳುವ ಪಿನಾಕವೂ ಬಂದಿದೆ, ಅಲ್ಲಿ ಗೆರೆ ಸ್ವಲ್ಪ ಮಸುಕು, ಒಪ್ಪುತ್ತೇನೆ. ಆದರೆ ನಮ್ಮವರಿಗೆ ರಾಕೆಟ್ ಹೊಸದೇನಲ್ಲ. ಹಬ್ಬದ ಬಾಣಬಿರುಸಿನ ಬಾಣ ಅದೇ ತಾನೇ? ಹೈದರ್, ಟಿಪ್ಪು ಕಾಲದಲ್ಲಿ ಕಬ್ಬಿಣದ ಕೊಳವೆಗೆ ಬಿದಿರು ಕಟ್ಟಿ ಬಿಟ್ಟದ್ದು ಅದನ್ನೇ. ಕೊಳವೆ ಕಬ್ಬಿಣದ್ದಾದ್ದರಿಂದ ಒಳಗಿನ ಒತ್ತಡ ಜಾಸ್ತಿ ತಡೆಯಿತು, ದೂರ ಹೋಯಿತು. ಅದನ್ನು ನೋಡಿ ಇಂಗ್ಲೆಂಡಿನ ಕಾಂಗ್ರೀವ್ ತನ್ನದನ್ನು ಮಾಡಿಕೊಂಡ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಒಂದು ಹಳೆಯ ಬಾವಿಯಿಂದ ಇಂಥ ಸಾವಿರದಷ್ಟು ಕೊಳವೆ ತೆಗೆದರು. ಆ ಸುದ್ದಿ ಮಾತ್ರ ನಿಮ್ಮಲ್ಲಿ ಹಲವರು ಚೆನ್ನಾಗಿ ಮಾಡಿದ್ದಿರಿ. ಅದನ್ನೂ ಹೇಳಬೇಕಲ್ಲ.

ಮದ್ದಿನಲ್ಲಿಯೂ ಎರಡು ಜಾತಿ. ಒಂದು ತಳ್ಳುವ ಮದ್ದು, ಇನ್ನೊಂದು ಸಿಡಿಯುವ ಮದ್ದು. ತೋಟಾದ ಒಳಗಿನದು ಉರಿಯುತ್ತದೆ, ಬೇಗ ಉರಿಯುತ್ತದೆ, ಆದರೂ ಉರಿಯುವುದೇ. ಶೆಲ್ಲಿನ ಹೊಟ್ಟೆಯ ಟಿಎನ್‌ಟಿ ಎಂಬ ಸಿಡಿಮದ್ದು ಹಾಗಲ್ಲ. ಅದರೊಳಗೆ ಸ್ಫೋಟದ ಅಲೆ ಸೆಕೆಂಡಿಗೆ ಸುಮಾರು 6,900 ಮೀಟರ್ ಓಡುತ್ತದೆ. ವಿಚಿತ್ರ ಅಂದರೆ ಅದೇ ಟಿಎನ್‌ಟಿ 80 ಡಿಗ್ರಿಗೆ ಬೆಲ್ಲದ ಪಾಕದ ಹಾಗೆ ಕರಗುತ್ತದೆ, ಕರಗಿಸಿಯೇ ಶೆಲ್ಲಿಗೆ ಹೊಯ್ಯುತ್ತಾರೆ. ಬಂದೂಕಿನಲ್ಲಿ 'ಗನ್ ಪೌಡರ್' ಇದೆ ಅಂತ ಇನ್ನೂ ಬರೆಯುತ್ತೀರಿ. ಆ ಕರಿ ಮದ್ದು ರೈಫಲ್ ತೋಟಾದಿಂದ ಹೋಗಿ ನೂರು ವರ್ಷದ ಮೇಲಾಯಿತು. ಈಗ ಹೊಗೆ ಬಾರದ ಮದ್ದು.

ಮದ್ದಿನ ಜೊತೆ ಯಾವುದನ್ನು ಇಡಬೇಕು, ಯಾವುದನ್ನು ಇಡಬಾರದು ಎಂಬುದು ಇಲ್ಲಿ ಮೊದಲ ದಿನದ ಪಾಠ. ಗೇಟಿನಲ್ಲಿ ಜೇಬು ತಡಕಿ ಕಡ್ಡಿಪೆಟ್ಟಿಗೆ ತೆಗೆದಿಡುತ್ತಿದ್ದರು. ಮೊಳೆ ಹೊಡೆದ ಚಪ್ಪಲಿ ನಡೆಯದು. ಒಳಗೆ ಹೋಗುವ ಮೊದಲು ತಾಮ್ರದ ಪಟ್ಟಿ ಮುಟ್ಟಬೇಕು, ಮೈಮೇಲಿನ ಕರೆಂಟ್ ನೆಲಕ್ಕೆ ಇಳಿಯಲಿ ಅಂತ. ಹೊಸಬರು ನಕ್ಕರೆ ನಮ್ಮ ಮೇಸ್ತ್ರಿ ಒಂದೇ ಮಾತು ಹೇಳುತ್ತಿದ್ದರು: 'ಮುಂಬೈ ಡಾಕ್.' 1944ರ ಏಪ್ರಿಲ್ 14, ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು. ಸುಮಾರು 1,400 ಟನ್ ಸ್ಫೋಟಕ, ಅದರ ಜೊತೆಗೇ ಹತ್ತಿಯ ಮೂಟೆ. ಹತ್ತಿಗೆ ಬೆಂಕಿ ಬಿತ್ತು. ಸಂಜೆ ನಾಲ್ಕರ ಮೇಲೆ ಎರಡು ಸಲ ಸಿಡಿಯಿತು. ಆರಿಸಲು ಹೋದ ಅಗ್ನಿಶಾಮಕ ದಳದವರಲ್ಲಿ 66 ಜನ ಸತ್ತರು. ಇವತ್ತಿಗೂ ದೇಶದಲ್ಲಿ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. ನಿಮ್ಮಲ್ಲಿ ಪ್ರತಿ ವರ್ಷ ಅದರ ಒಂದು ಚಿಕ್ಕ ಸುದ್ದಿ ಬರುತ್ತದೆ, ಯಾಕೆ ಆ ದಿನ ಎಂಬುದು ಮಾತ್ರ ಬಿಟ್ಟುಹೋಗಿರುತ್ತದೆ.

ಟ್ಯಾಂಕ್ ಬಗ್ಗೆ ಬೇರೆ ಬರೆಯುವುದಿಲ್ಲ. ಚೈನಿನ ಮೇಲೆ ಓಡುವುದೆಲ್ಲ ಟ್ಯಾಂಕ್ ಅಲ್ಲ, ಅಷ್ಟು ನೆನಪಿಟ್ಟರೆ ಸಾಕು. ಗ್ರೆನೇಡ್ ಪಿನ್ನನ್ನು ಹಲ್ಲಿನಿಂದ ಕೀಳುವ ಸಿನಿಮಾ ದೃಶ್ಯವನ್ನೂ ಸುದ್ದಿಯ ಮಧ್ಯೆ ತೋರಿಸಬೇಡಿ. ಹಾಗೆ ಮಾಡಿದರೆ ಪಿನ್ನು ಅಲ್ಲೇ ಇರುತ್ತದೆ, ಹಲ್ಲು ಕೈಗೆ ಬರುತ್ತದೆ.

ನಾನು ಕೇಳುವುದು ದೊಡ್ಡದಲ್ಲ. ಸುದ್ದಿಮನೆಯಲ್ಲಿ ಕ್ರಿಕೆಟ್ ಬಲ್ಲವರು ಒಬ್ಬರು ಇದ್ದೇ ಇರುತ್ತಾರೆ. ಗೂಗ್ಲಿಗೂ ಯಾರ್ಕರ್‌ಗೂ ವ್ಯತ್ಯಾಸ ತಪ್ಪಿದರೆ ಜನ ನಿಮ್ಮನ್ನು ಬಿಡುವುದಿಲ್ಲ. ಹಾಗೆಯೇ ಶಸ್ತ್ರದ ಸುದ್ದಿ ಹೋಗುವ ಮುಂಚೆ ಒಮ್ಮೆ ಬಲ್ಲವರ ಕಣ್ಣಿಗೆ ಬೀಳಲಿ. ಪ್ರತಿ ಊರಿನಲ್ಲಿ ಮಾಜಿ ಸೈನಿಕರಿದ್ದಾರೆ. ಕೊಡಗಿನಲ್ಲಂತೂ ಮನೆಗೊಬ್ಬರು ಸಿಗುತ್ತಾರೆ. ಫೋನ್ ಮಾಡಿ ಕೇಳಿದರೆ ಖುಷಿಯಿಂದ ಹೇಳುತ್ತಾರೆ, ಕಾಫಿಯನ್ನೂ ಕುಡಿಸುತ್ತಾರೆ. ತೋಟಾ, ಕೇಪು, ನಳಿಕೆ, ಚರೆ, ಮದ್ದು, ಇಷ್ಟು ಒಳ್ಳೆಯ ಮಾತುಗಳು ಕನ್ನಡದಲ್ಲಿ ಬಿದ್ದುಕೊಂಡಿವೆ. ಅವನ್ನು ಬಿಟ್ಟು ಎಲ್ಲದಕ್ಕೂ ಗುಂಡು ಅನ್ನುವ ಬಡತನ ಯಾಕೆ?

ನಿಮ್ಮ ಕಚೇರಿಗಳಿಗೆ ಕಳಿಸಿದ ಪ್ರತಿಯಲ್ಲಿ ನನ್ನ ನಂಬರ್ ಬರೆದಿದ್ದೇನೆ. ರಾತ್ರಿ ಹನ್ನೊಂದಕ್ಕೆ ಬ್ರೇಕಿಂಗ್ ನ್ಯೂಸ್ ಬಂದರೂ ಫೋನ್ ಮಾಡಿ, ಎದ್ದಿರುತ್ತೇನೆ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಮಾತ್ರ ಬೇಡ. ಇಷ್ಟು ವರ್ಷ ಪುಣೆಯಲ್ಲಿ ಇದ್ದವನು, ಇಲ್ಲಿಯವರ ಹಾಗೆ ನನಗೂ ಅದು ನಿದ್ದೆಯ ಹೊತ್ತು, ಯಾರಿಗೂ ಬಾಗಿಲು ತೆಗೆಯುವುದಿಲ್ಲ.

ಇಂತಿ,
ಖಡ್ಕಿಯ ಒಬ್ಬ ಹಳೆಯ ತೋಟಾ ಇನ್‌ಸ್ಪೆಕ್ಟರ್